ಗಿಳಿದಾನ

ಸದಾಶಿವ ಪೇಠ, ಪುಣೆ
೧೫ ಜುಲೈ ೧೯೩೨

ಚಿರಂಜೀವಿ ಕೃಷ್ಣಾಜಿಗೆ ಅಕ್ಕನ ಆಶೀರ್ವಾದ.

ಎಲ್ಲರೂ ನೆಟ್ಟಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಡಾಕ್ಟರ ಬುದ್ಧಿ ಬಿಡದೆ ಕಾಗದದ ತುಂಬ ರೋಗ ಹುಡುಕುತ್ತ ಕೂಡುತ್ತೀ.

ನಿನ್ನೆ ಏಕಾದಶಿಯಿಂದ ಚಾತುರ್ಮಾಸದ ವ್ರತ ಹಿಡಿದಿದ್ದೇನೆ. ಊಟದ ಹೊತ್ತಿಗೆ ಮೌನ. ಎಲೆಯ ಮುಂದೆ ಕೂತಾಗಿನಿಂದ ಕೈ ತೊಳೆಯುವ ತನಕ ತುಟಿ ಪಿಟಕ್ಕೆನ್ನಬಾರದು. ನಿನ್ನ ಅಳಿಯ ದಿಗಂಬರ ಕೇಳಿ ಬಿದ್ದು ಬಿದ್ದು ನಕ್ಕ. "ಅವ್ವಾ, ನೀ ನಾಕ ತಿಂಗಳ ಸುಮ್ಮನ ಕೂತ್ರ ಪೇಠಿನವರು ಡಾಕ್ಟರ್ನ ಕರಸ್ತಾರ" ಎಂದ. ಹೆತ್ತ ಮಗ ನೋಡು! ಅವನಿಗೆ ಲೆಕ್ಕದ ಆಫೀಸಿನಲ್ಲಿ ಬಾಯಿ ಇಲ್ಲ, ಮನೆಯಲ್ಲಿ ನನ್ನ ಮುಂದೆ ಬಾಯಿ.

ವ್ರತ ಯಾತಕ್ಕೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಸೊಸೆ ಇಂದೂ ಈ ತಿಂಗಳು ನೀರು ಹಾಕಿಕೊಂಡಿಲ್ಲ, ಮತ್ತೆ ಬಸಿರು ನಿಂತಿದೆ. ಹಿಂದೆ ಎರಡು ಸಲ ಮೂರನೆಯ ತಿಂಗಳಿಗೇ ಕೈ ಬಿಟ್ಟು ಹೋಯಿತು. ಎರಡನೆಯ ಸಲ ಆ ಹುಡುಗಿ ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿದ್ದಳು. ಈ ಸಲ ಕೂಸು ಉಳಿಯಬೇಕು. ಅದಕ್ಕೆ ನಾನು ಪಾಂಡುರಂಗನ ಮುಂದೆ ಒತ್ತೆ ಇಡುವಂಥದು ಏನಿದೆ? ತಲೆಯ ಮೇಲೆ ಕೂದಲಿಲ್ಲ, ಮೈಮೇಲೆ ಬಂಗಾರವಿಲ್ಲ. ಇರುವುದೊಂದು ನಾಲಿಗೆ. ಅದನ್ನೇ ಇಟ್ಟೆ.

ಮೌನವ್ರತ ಮುಗಿದ ಮೇಲೆ ಘಂಟೆ ದಾನ ಕೊಡುವುದು ಪದ್ಧತಿ. ಪೇಠಿನಲ್ಲಿ ಎಲ್ಲರ ದೇವರ ಮನೆಯಲ್ಲೂ ಘಂಟೆಗಳು ಬೇಕಾದಷ್ಟಿವೆ. ಆದ್ದರಿಂದ ನಾನು ಮಾತಾಡುವ ಘಂಟೆಯನ್ನೇ ಕೊಡುವವಳಿದ್ದೇನೆ. ಲೋಣಾವಳಾ ಕಡೆಯಿಂದ ಹಕ್ಕಿ ಮಾರುವವನೊಬ್ಬ ಬಂದಿದ್ದ. ನಾಲ್ಕು ಗಿಳಿಮರಿ ಕೊಂಡಿದ್ದೇನೆ. ಮೂರು ದಾನಕ್ಕೆ, ಒಂದು ಮನೆಗೆ. "ಪಾಂಡುರಂಗ" ಎನ್ನುವುದನ್ನು ಕಲಿಸಿ ಕೊಡುತ್ತೇನೆ.

ಭಾಮಾ

ಧಾರವಾಡ
೨೨ ಜುಲೈ ೧೯೩೨

ಅಕ್ಕನಿಗೆ ಕೃಷ್ಣಾಜಿಯ ನಮಸ್ಕಾರ.

ಇಂದೂನ ಸುದ್ದಿ ತಿಳಿದು ಸಂತೋಷವಾಯಿತು. ಮೂರು ತಿಂಗಳು ತುಂಬುವ ತನಕ ಭಾರ ಎತ್ತಬಾರದು, ಗಡಿಗೆ ನೀರು ಸೇದಬಾರದು. ಹಾಲು ಕುಡಿಯಲಿ. ಉಪವಾಸ ನೀನು ಮಾಡು, ಆಕೆಯಿಂದ ಮಾಡಿಸಬೇಡ.

ಗಿಳಿದಾನದ ವಿನೋದವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿನ್ನ ಚೇಷ್ಟೆ ಗೊತ್ತಿದ್ದದ್ದೇ. ಕಡೆಗೆ ಹಿತ್ತಾಳೆಯ ಘಂಟೆಯನ್ನೇ ಕೊಡುತ್ತೀ ಎಂದು ನಾನು ಹೇಳಿದೆ. ಊಟದ ಹೊತ್ತಿನ ಮೌನ ಜೀರ್ಣಕ್ಕೆ ಒಳ್ಳೆಯದು. ಮುಂದುವರಿಸಬಹುದು.

ಕೃಷ್ಣಾಜಿ

ಪುಣೆ
೧೮ ಅಕ್ಟೋಬರ್ ೧೯೩೨

ಚಿರಂಜೀವಿ ಕೃಷ್ಣಾಜಿಗೆ ಆಶೀರ್ವಾದ.

ಇಂದೂಗೆ ಐದನೆಯ ತಿಂಗಳು. ಮುಖ ತುಂಬಿಕೊಂಡಿದೆ. ಹುಣಸೆಹಣ್ಣು ಕದ್ದು ತಿನ್ನುತ್ತಾಳೆ, ನಾನು ಕಾಣದವಳಂತೆ ಇರುತ್ತೇನೆ. ವ್ರತ ಫಲ ಕೊಡುತ್ತಿದೆ ಎಂದು ನಾನು ಹೇಳಿದರೆ ನೀನು ಹಾಲು ಎನ್ನುತ್ತೀ. ಇರಲಿ, ಇಬ್ಬರೂ ಪಾಲು ಮಾಡಿಕೊಳ್ಳೋಣ.

ಗಿಳಿಗಳ ಕಥೆ ಕೇಳು. ಬೆಳಗು ಸಂಜೆ "ಪಾಂಡುರಂಗ, ಪಾಂಡುರಂಗ" ಎಂದು ನನ್ನ ಗಂಟಲು ಒಣಗಿತು. ಅವು ಕಲಿತದ್ದೇನು ಗೊತ್ತೇ? ನಾನು ಮೌನದಲ್ಲಿ ಊಟಕ್ಕೆ ಕೂತಾಗ ಇಂದೂ ಬಾಗಿಲಲ್ಲಿ ನಿಂತು "ಅತ್ಯಾ, ಅನ್ನ ಬೇಕೇನ್ರಿ?" ಎಂದು ಕೇಳುತ್ತಾಳಲ್ಲ, ಅದನ್ನು! ಈಗ ನಾನು ಎಲೆ ಹಾಕಿಕೊಂಡರೆ ಸಾಕು, ಪಂಜರದಿಂದ "ಅನ್ನ ಬೇಕೇನ್ರಿ, ಅನ್ನ ಬೇಕೇನ್ರಿ" ಎಂದು ಶುರು. ಬಾಯಿ ಬಿಟ್ಟು ಬೈಯುವ ಹಾಗಿಲ್ಲ. ಇದು ವ್ರತವೋ ಶಿಕ್ಷೆಯೋ ತಿಳಿಯದು. ಪಾಂಡುರಂಗನ ಹೆಸರು ಒಂದಕ್ಕೆ ಮಾತ್ರ ಬಂದಿತ್ತು. ಅದೇ ಹೋದ ವಾರ ಪಂಜರ ತೊಳೆಯುವಾಗ ಹಾರಿಹೋಯಿತು.

ಅದರ ಬದಲಿಗೆ ಬಜಾರದಿಂದ ದಿಗಂಬರ ಇನ್ನೊಂದನ್ನು ತಂದಿದ್ದಾನೆ. ಮಾರುವವನು ಒಂದೇ ಪಂಜರದಲ್ಲಿ ಕಾಳಿನ ಚೀಲ ತುಂಬಿದ ಹಾಗೆ ಗಿಳಿ ತುಂಬಿದ್ದನಂತೆ. ಇದು ಯಾವಾಗಲೂ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂಡುತ್ತದೆ. ಹೊಸ ಮನೆ, ಸಂಕೋಚ ಇರಬೇಕು. ಉಳಿದ ಮೂರರ ಜೊತೆಗೇ ಬಿಟ್ಟಿದ್ದೇನೆ. ಅವುಗಳಿಂದಲಾದರೂ ಮಾತು ಕಲಿಯಲಿ.

ಭಾಮಾ

ಪುಣೆ
೧೪ ನವೆಂಬರ್ ೧೯೩೨

ಚಿರಂಜೀವಿ ಕೃಷ್ಣಾಜಿಗೆ ಆಶೀರ್ವಾದ.

ದ್ವಾದಶಿಯ ದಿನ ತುಳಸಿ ಲಗ್ನ ಮುಗಿಸಿ ವ್ರತದ ಉದ್ಯಾಪನೆಯೂ ಆಯಿತು. ಪುರೋಹಿತ ಮಾರ್ತಾಂಡ ಭಟ್ಟರು ಮಂತ್ರ ಹೇಳಿಸಿದರು. ಮೂರು ಮನೆಗೆ ದಾನ ಹೋಯಿತು. ನೀರು ಬಿಟ್ಟು ಕೊಡುವಾಗ ಇಂದೂನ ಕೈಯನ್ನೂ ಜೊತೆಗೆ ಹಿಡಿಸಿದೆ. ಸಂಜೆ ಊಟಕ್ಕೆ ಕೂತವಳು ಒಂದೇ ಸವನೆ ಮಾತಾಡಿದೆ ಎಂದು ದಿಗಂಬರನ ದೂರು. ನಾಲ್ಕು ತಿಂಗಳ ಬಾಕಿ, ಆಡಬಾರದೇ?

ದಿಗಂಬರನಿಗೆ ನಾಲ್ಕು ದಿನದಿಂದ ಒಣಕೆಮ್ಮು, ತಲೆನೋವು. ಕಷಾಯ ಕೊಟ್ಟಿದ್ದೇನೆ. ತಮಾಷೆ ಏನೆಂದರೆ, ಮನೆಗೆ ಉಳಿಸಿಕೊಂಡ ಆ ಹೊಸ ಗಿಳಿ ಒಂದು ಮಾತೂ ಕಲಿಯದೆ ಇವನ ಕೆಮ್ಮನ್ನು ಮಾತ್ರ ಕಲಿತಿದೆ. ಇವನು ಕೆಮ್ಮಿದರೆ ಅದೂ ಕೆಮ್ಮುತ್ತದೆ, ಇವನು ಸೀನಿದರೆ ಅದೂ ಸೀನುತ್ತದೆ. ಇಂದೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಭಾಮಾ

ಧಾರವಾಡ
೧೯ ನವೆಂಬರ್ ೧೯೩೨

ಅಕ್ಕನಿಗೆ ನಮಸ್ಕಾರ.

ದಿಗಂಬರನಿಗೆ ಋತುಮಾನದ ಫ್ಲೂ ಇರಬೇಕು. ಕ್ವಿನೈನ್ ಕಳಿಸಿದ್ದೇನೆ. ಬೇರೆ ಕೋಣೆಯಲ್ಲಿ ಮಲಗಿಸು. ಹದಿನೆಂಟನೆಯ ಇಸವಿಯ ಜ್ವರ ನೀನು ಕಂಡಿದ್ದೀ, ನಾನು ಹೆಚ್ಚು ಹೇಳಬೇಕಿಲ್ಲ. ರೋಗ ಹತ್ತಿದವರನ್ನು ಹತ್ತದವರಿಂದ ದೂರ ಇಡಬೇಕು, ಎಷ್ಟೇ ಪ್ರೀತಿ ಇದ್ದರೂ. ಅದಕ್ಕಿಂತ ದೊಡ್ಡ ಔಷಧ ನಮ್ಮ ಶಾಸ್ತ್ರದಲ್ಲಿ ಇನ್ನೂ ಇಲ್ಲ. ಇಂದೂ ಅವನ ಹತ್ತಿರ ಸುಳಿಯಬಾರದು.

ಕೃಷ್ಣಾಜಿ

ಪುಣೆ
೨೬ ನವೆಂಬರ್ ೧೯೩೨

ಚಿರಂಜೀವಿ ಕೃಷ್ಣಾಜಿಗೆ ಆಶೀರ್ವಾದ.

ನಿನಗೆ ಸುಳ್ಳು ಬರೆಯುವುದಿಲ್ಲ. ದಿಗಂಬರನಿಗೆ ಹೆಚ್ಚಾಗಿದೆ. ಜ್ವರ ಇಳಿಯುತ್ತಿಲ್ಲ, ಉಸಿರು ಮೇಲೆ ಮೇಲೆ ಬರುತ್ತದೆ, ಒಮ್ಮೊಮ್ಮೆ ಬಡಬಡಿಸುತ್ತಾನೆ. ಇಲ್ಲಿಯ ಡಾಕ್ಟರು ಎದೆಗೆ ನಳಿಕೆ ಇಟ್ಟು ನ್ಯುಮೋನಿಯಾ ಎಂದರು.

ದೂರ ಇಡುವುದನ್ನು ನಮ್ಮ ಮನೆಗೆ ನೀನು ಕಲಿಸಬೇಕಿಲ್ಲ. ನಾನು ಮಡಿಯವಳು, ಮೂವತ್ತು ವರ್ಷದಿಂದ ಅದೇ ನನ್ನ ಸಂಸಾರ. ದಿಗಂಬರನ ಕೋಣೆಗೆ ಹೋದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ಅವನ ತಾಟು, ತಂಬಿಗೆ, ಹಾಸಿಗೆ ಎಲ್ಲ ಬೇರೆ. ಇಂದೂಗೆ ಬಾಗಿಲಿನ ಹೊರಗೆ ಗೆರೆ ಎಳೆದಿದ್ದೇನೆ, ದಾಟಿಲ್ಲ. ಅವನಿಗೆ ಬೇಸರವಾಗಬಾರದೆಂದು ಗಿಳಿಯ ಪಂಜರವನ್ನು ತಲೆದೆಸೆಗೆ ತೂಗು ಹಾಕಿದ್ದೇನೆ. ಮಧ್ಯಾಹ್ನ ಅಡಿಗೆಮನೆಗೆ ತರುತ್ತೇನೆ. ಹಕ್ಕಿಗೆ ಮೈಲಿಗೆ ಇಲ್ಲವಲ್ಲ, ಅದೊಂದು ಅನುಕೂಲ. ಅದೂ ಈಗ ಮಂಕಾಗಿದೆ. ಮೂಗಿನಲ್ಲಿ ನೀರು, ಹಸಿರು ನೀರಿನಂಥ ಹಿಕ್ಕೆ. ಯಜಮಾನನ ಚಿಂತೆ ಹತ್ತಿರಬೇಕು ಎಂದು ಇಂದೂ ಅಳುತ್ತಾಳೆ. ದಿನಾ ಅವಳೇ ಪಂಜರ ಗುಡಿಸಿ ಕಾಳು ಹಾಕುತ್ತಾಳೆ.

ನನಗೆ ಹೆದರಿಕೆಯಾಗಿದೆ, ಕೃಷ್ಣಾ. ಬೇಗ ಬರೆ.

ಅಕ್ಕ

ಧಾರವಾಡ
೨೯ ನವೆಂಬರ್ ೧೯೩೨

ಅಕ್ಕಾ,

ಈಗ ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ತಂತಿಯಲ್ಲಿ "ಗಿಳಿ ಹೊರಗಿಡು, ಇಂದೂನ ಕಳಿಸು" ಎಂದಷ್ಟೇ ಇದೆ. ತಲೆ ಕೆಟ್ಟಿತೇ ಎಂದು ಅಂದುಕೊಂಡಿರುತ್ತೀ. ಕಾರಣ ಇಲ್ಲಿದೆ.

ಆ ಗಿಳಿ ಕೆಮ್ಮು ಕಲಿತಿಲ್ಲ. ಅದಕ್ಕೇ ಮೊದಲು ರೋಗ. ಅದರಿಂದ ದಿಗಂಬರನಿಗೆ ಬಂದಿದೆ. ಎರಡು ಮೂರು ವರ್ಷದ ಹಿಂದೆ ಯುರೋಪು, ಅಮೇರಿಕಗಳಲ್ಲಿ ಗಿಳಿ ಸಾಕಿದ ಮನೆಗಳಲ್ಲಿ ಇಂಥದೇ ಜ್ವರ ಬಂದು ಜನ ಸತ್ತರು. ವೈದ್ಯಕೀಯ ಪತ್ರಿಕೆಯಲ್ಲಿ ಆಗ ಓದಿ, ದೂರದ ಸುದ್ದಿ ಎಂದು ಮಡಿಸಿಟ್ಟಿದ್ದೆ. ನಿನ್ನ ಕಾಗದ ಬಂದ ಮೇಲೆ ಮತ್ತೆ ತೆಗೆದು ಓದಿದೆ. ಸೂಕ್ಷ್ಮದರ್ಶಕಕ್ಕೂ ಸಿಗದ ವಿಷ ಅದು. ವೈರಸ್ ಎನ್ನುತ್ತಾರೆ. ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಯಲ್ಲಿ ಏಳುತ್ತದೆ, ಉಸಿರಿನೊಳಗೆ ಹೋಗುತ್ತದೆ. ಕಚ್ಚಬೇಕಾಗಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿ ಇದೆ ಎಂದು ಯಾರೂ ಬರೆದದ್ದನ್ನು ನಾನು ಓದಿಲ್ಲ. ಇಲ್ಲ ಎಂದು ಬರೆದದ್ದನ್ನೂ ಓದಿಲ್ಲ.

ನಿನ್ನ ಮಡಿ ಎಲ್ಲವನ್ನೂ ತಡೆದಿದೆ, ಹಕ್ಕಿಯೊಂದನ್ನು ಬಿಟ್ಟು. ಪಂಜರವನ್ನು ಫಿನೈಲಿನಲ್ಲಿ ಅದ್ದಿದ ಒದ್ದೆ ಬಟ್ಟೆಯಿಂದ ಮುಚ್ಚು. ಒಣ ಪೊರಕೆ ಆಡಿಸಬೇಡ. ಇಂದೂ ನಾಳೆಯೇ ರೈಲು ಹತ್ತಲಿ. ಅವಳ ತವರು ಇಲ್ಲೇ, ನಮ್ಮ ಓಣಿಯಲ್ಲೇ. ನನ್ನ ಕಣ್ಣ ಮುಂದೆ ಇರುತ್ತಾಳೆ.

ಇನ್ನೊಂದು ಮಾತು. ಆಷಾಢದಲ್ಲಿ ನೀನು ಗಿಳಿದಾನ ಎಂದು ಬರೆದಿದ್ದೆ. ನಾನು ಚೇಷ್ಟೆ ಎಂದುಕೊಂಡೆ. ದ್ವಾದಶಿಯ ದಿನ ಮೂರು ಮನೆಗೆ ಕೊಟ್ಟದ್ದು ಘಂಟೆಯೇ ತಾನೆ? ಮರುಟಪಾಲಿಗೆ ತಿಳಿಸು.

ಕೃಷ್ಣಾಜಿ

ಪುಣೆ
೪ ಡಿಸೆಂಬರ್ ೧೯೩೨

ಚಿರಂಜೀವಿ ಕೃಷ್ಣಾಜಿಗೆ ಆಶೀರ್ವಾದ.

ಇಂದೂ ನಿನ್ನೆ ಹೊರಟಳು. ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಇಷ್ಟರಲ್ಲಿ ತಲುಪಿರಬೇಕು. ದಿಗಂಬರನಿಗೆ ಜ್ವರ ಇಳಿಮುಖವಾಗಿದೆ, ಇವತ್ತು ಗಂಜಿ ಕುಡಿದು ಉಪ್ಪು ಕಡಿಮೆ ಎಂದ. ಆ ಮಾತು ಕೇಳಿ ನಾನು ಹಿತ್ತಲಿಗೆ ಹೋಗಿ ಒಂದು ಗಳಿಗೆ ಅತ್ತು ಬಂದೆ.

ಗಿಳಿ ನಿನ್ನ ತಂತಿ ಬಂದ ಮರುದಿನವೇ ಸತ್ತಿತು. ನೀನು ಹೇಳಿದ ಫಿನೈಲಿನ ಬಟ್ಟೆಯಲ್ಲೇ ಸುತ್ತಿ ಸುಣ್ಣ ಹಾಕಿ ಹೂಳಿಸಿದೆ. ಕೋಣೆಯನ್ನೆಲ್ಲ ಫಿನೈಲಿನಿಂದ ತೊಳೆಸಿದ್ದೇನೆ. ಮನೆ ಈಗ ಆಸ್ಪತ್ರೆಯ ಹಾಗೆ ನಾರುತ್ತದೆ.

ಮಾರ್ತಾಂಡ ಭಟ್ಟರು ಮೊನ್ನೆ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತಂತೆ. ವಯಸ್ಸಾಗಿತ್ತು.

ಇಲ್ಲಿ ಚಳಿ ಶುರುವಾಗಿದೆ. ಇಂದೂಗೆ ಉಣ್ಣೆಯ ಶಾಲು ಕೊಟ್ಟು ಕಳಿಸಿದ್ದೇನೆ, ಹೊದೆಯುತ್ತಾಳೋ ಇಲ್ಲವೋ ನೋಡು.

ಭಾಮಾ

ಧಾರವಾಡ
೭ ಡಿಸೆಂಬರ್ ೧೯೩೨

ಅಕ್ಕಾ,

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಇಂದೂ ಕೊಟ್ಟಳು. ಒಂದು ಗಿಳಿ ಮಾರ್ತಾಂಡ ಭಟ್ಟರಿಗೆ, ಒಂದು ಹರಿಶ್ಚಂದ್ರ ಮಾಸ್ತರರಿಗೆ, ಒಂದು ಅಂಬಾಬಾಯಿಯವರ ಮನೆಗೆ. ಮೂರೂ ಆ ಸತ್ತ ಗಿಳಿಯ ಜೊತೆ ಒಂದೇ ಪಂಜರದಲ್ಲಿ ಇದ್ದವು. ಭಟ್ಟರಿಗೆ ವಯಸ್ಸಾಗಿತ್ತು ಎಂದು ಬರೆದಿದ್ದೀ. ವಯಸ್ಸಿನಿಂದ ಎದೆಯಲ್ಲಿ ಕಫ ಕಟ್ಟುವುದಿಲ್ಲ ಎಂದು ನಿನಗೂ ಗೊತ್ತು.

ಮಾಸ್ತರರು ಗಿಳಿಯನ್ನು ಪಡಸಾಲೆಯಲ್ಲಿ ತೂಗು ಹಾಕಿದ್ದಾರಂತೆ. ಅದರ ಕೆಳಗೇ ಬೆಳಿಗ್ಗೆ ಪೇಠಿನ ಮಕ್ಕಳು ಪಾಠಕ್ಕೆ ಕೂಡುತ್ತಾರೆ. ಅಂಬಾಬಾಯಿಯ ಮನೆಯ ತುಂಬ ಮೊಮ್ಮಕ್ಕಳು. ಹೊರಗಿನಿಂದ ಚೆನ್ನಾಗಿ ಕಾಣುವ ಹಕ್ಕಿಯೂ ವಿಷ ಚೆಲ್ಲುತ್ತಿರುತ್ತದೆ. ನಾಳೆಯೇ ಹೋಗಿ ಎರಡನ್ನೂ, ಭಟ್ಟರ ಮನೆಯದನ್ನೂ ತಿರುಗಿ ತಾ.

ಕೊಟ್ಟದ್ದನ್ನು ಕೇಳುವುದು ಹೇಗೆ ಎಂದರೆ, ಅವರೇ ನಿನಗೆ ಕಾಣಿಕೆಯಾಗಿ ಕೊಟ್ಟರು ಎಂದು ಮಾಡಿಸಬಹುದು. ಆಗ ದೋಷವಿಲ್ಲ. ಇಲ್ಲಿಯ ಶಾಸ್ತ್ರಿಗಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಇಂದೂ ಚೆನ್ನಾಗಿದ್ದಾಳೆ. ಶಾಲು ಹೊದೆಯುತ್ತಾಳೆ.

ಕೃಷ್ಣಾಜಿ

ಪುಣೆ
೧೦ ಡಿಸೆಂಬರ್ ೧೯೩೨

ಕೃಷ್ಣಾಜಿಗೆ,

ಶಾಸ್ತ್ರಿಗಳನ್ನು ಕೇಳಿದೆಯಂತೆ. ದೇವರ ಮುಂದೆ ವಕೀಲಿ ನಡೆಸುತ್ತೀಯಾ? ನಾನು ಕೈಯಾರೆ ನೀರು ಬಿಟ್ಟು, "ನನ್ನದಲ್ಲ" ಎಂದು ಹೇಳಿ ಕೊಟ್ಟದ್ದು. ಅದನ್ನು ನಾನು ಬೇಡಿ ತಂದರೆ, ಅವರು ಕೊಟ್ಟರು ಎಂದು ನೀನು ಕಾಗದದಲ್ಲಿ ಬರೆದರೂ ತಂದವಳು ನಾನೇ. ಕೊಟ್ಟ ದಾನ ಕಸಿದುಕೊಂಡವರು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಬೀಳುತ್ತಾರೆ. ಅದಕ್ಕೆ ನಾನು ಅಂಜುವುದಿಲ್ಲ. ಈ ಜನ್ಮವೇನು ಬಹಳ ಸುಖದ್ದಾಗಿತ್ತೇ? ಹುಳುವಿಗೆ ಮಡಿಯ ಕಾಟವಾದರೂ ಇಲ್ಲ.

ಆದರೆ ಆ ದಾನವನ್ನು ನಾನು ಕೊಟ್ಟದ್ದು ಯಾರ ಸಲುವಾಗಿ? ಇಂದೂನ ಕೈ ಹಿಡಿಸಿ ನೀರು ಬಿಡಿಸಿದ್ದೇನೆ. ಪಾಂಡುರಂಗ ಈ ಕೈಯಿಂದ ದಾನ ತೆಗೆದುಕೊಂಡು ಆ ಕೈಯಿಂದ ಕೂಸು ಕೊಡುತ್ತಿದ್ದಾನೆ. ಈಗ ಏಳನೆಯ ತಿಂಗಳು. ನಾನು ದಾನ ತಿರುಗಿ ತಂದರೆ ಅವನು ತನ್ನದನ್ನು ತಿರುಗಿ ಕೇಳುವುದಿಲ್ಲವೇ? ನೀನು ಹೇಳು. ನಿನ್ನ ಪತ್ರಿಕೆಯಲ್ಲಿ ಅದಕ್ಕೆ ಏನು ಬರೆದಿದ್ದಾರೆ?

ವಿಷ ಕುಡಿ ಎನ್ನು, ಕುಡಿಯುತ್ತೇನೆ. ಇದನ್ನು ಕೇಳಬೇಡ.

ಭಾಮಾ

ಧಾರವಾಡ
೧೩ ಡಿಸೆಂಬರ್ ೧೯೩೨

ಅಕ್ಕಾ,

ನಿನ್ನ ಪ್ರಶ್ನೆಗೆ ಪತ್ರಿಕೆಯಲ್ಲಿ ಉತ್ತರವಿಲ್ಲ.

ನಿಮ್ಮೂರಿನ ಆರೋಗ್ಯದ ಅಧಿಕಾರಿಯೊಬ್ಬರಿಗೆ ಬರೆದಿದ್ದೆ. ಇಲಿಗಳ ಬಗ್ಗೆ ಕಾಯಿದೆ ಇದೆ, ಗಿಳಿಗಳ ಬಗ್ಗೆ ಇಲ್ಲ ಎಂದು ಉತ್ತರ ಬಂತು. ಆದ್ದರಿಂದ ಪೇಠಿನಲ್ಲಿ ಇದನ್ನು ತಿಳಿದವರು ಇಬ್ಬರೇ, ನೀನು ಮತ್ತು ದಿಗಂಬರ. ಅವನಿಗೆ ಎದ್ದು ನಿಲ್ಲಲು ಶಕ್ತಿಯಿಲ್ಲ.

ನಾನು ಮತ್ತೆ ಒತ್ತಾಯಿಸುವುದಿಲ್ಲ. ಮಾಸ್ತರರ ಪಡಸಾಲೆಯಲ್ಲಿ ಕೂಡುವ ಮಕ್ಕಳಿಗೂ ಯಾರೋ ಒಬ್ಬ ಅಜ್ಜಿ ವ್ರತ ಹಿಡಿದಿರಬಹುದು ಎಂದಷ್ಟೇ ಹೇಳುತ್ತೇನೆ.

ಇಂದೂ ಚೆನ್ನಾಗಿದ್ದಾಳೆ.

ಕೃಷ್ಣಾಜಿ

ಪುಣೆ
೨೦ ಡಿಸೆಂಬರ್ ೧೯೩೨

ಕೃಷ್ಣಾ,

ಗಿಳಿಗಳನ್ನು ತಿರುಗಿ ತಂದೆ.

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಹಲ್ಲು ಕಡಿದೆ. ಮೂರನೆಯ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಮಾಸ್ತರರ ಮನೆಗೆ ಪಾಠಕ್ಕೆ ಹೊರಟ ಒಂದು ಹುಡುಗಿ ನಿಂತು ಕೆಮ್ಮಿದಳು. ಬರೀ ತಣ್ಣೀರು ಕುಡಿದ ನೆಗಡಿ ಇರಬಹುದು. ಬಿಂದಿಗೆ ಅಲ್ಲೇ ಬಿಟ್ಟು ಹೊರಟೆ.

ಮೊದಲು ಮಾಸ್ತರರ ಮನೆ. ನ್ಯಾಯವಾಗಿ, ನೀನು ಬರೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಹಿಕ್ಕೆ, ಪುಡಿ, ಗಾಳಿ, ಕಾಣದ ವಿಷ. ಹರಿಶ್ಚಂದ್ರ ಮಾಸ್ತರರು ಕನ್ನಡಕ ತೆಗೆದು ನಕ್ಕರು. "ಅಲ್ರೀ ಭಾಮಾಬಾಯಿ, ಪ್ಲೇಗು ಇಲಿಯಿಂದ ಅಂದ್ರು, ಕೇಳಿದ್ವಿ. ಮಲೇರಿಯಾ ಸೊಳ್ಳಿಯಿಂದ ಅಂದ್ರು, ಅದನ್ನೂ ಕೇಳಿದ್ವಿ. ಈಗ ಗಿಳಿ ಅಂತೀರಿ. ನಾಳೆ ಆಕಳ ಅಂದೀರಿ, ನಾವು ಹಾಲು ಕುಡಿಯೂದು ಬಿಡೂಣೇನು? ನಿಮ್ಮ ತಮ್ಮಗ ಧಾರವಾಡದಾಗ ರೋಗಿಗಳು ಕಡಿಮಿ ಬಿದ್ದಾರ ಕಾಣ್ತದ." ಮಕ್ಕಳೆಲ್ಲ ನಕ್ಕರು. ಮೇಲೆ ಪಂಜರದಿಂದ ಗಿಳಿ "ಅನ್ನ ಬೇಕೇನ್ರಿ" ಎಂದಿತು. ಮತ್ತೆ ನಕ್ಕರು. ಅವರ ಹೆಂಡತಿ ಅವಲಕ್ಕಿ ಕೊಡಲು ಬಂದಳು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಕೂಡಿಸಿರಲಿಲ್ಲ, ಮತ್ತು ಇಷ್ಟು ಮರ್ಯಾದೆಯಿಂದ ನನ್ನ ಮಾತನ್ನು ಯಾರೂ ಕಸದಲ್ಲಿ ಹಾಕಿರಲಿಲ್ಲ.

ಅಂಬಾಬಾಯಿಯ ಮನೆಯಲ್ಲೂ ಅದೇ. "ನಮ್ಮ ಗಿಳಿ ಗುಂಡುಕಲ್ಲಿನ ಹಾಂಗ ಅದ ನೋಡ್ರಿ, ದೃಷ್ಟಿ ಹಾಕಬ್ಯಾಡ್ರಿ" ಎಂದಳು. ಅವಳ ಸಣ್ಣ ಮೊಮ್ಮಗ ಪಂಜರದೊಳಗೆ ಬೆರಳು ತೂರಿಸಿ ಗಿಳಿಯ ಬಾಯಿಂದ ಕಡಲೆ ಕಸಿದುಕೊಂಡು ತಾನೇ ತಿನ್ನುತ್ತಿದ್ದ. ಕೃಷ್ಣಾ, ಅದನ್ನು ನಾನು ಕಣ್ಣಾರೆ ಕಂಡೆ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಕಾರಣ ಹೇಳಿದರೆ ಇವರು ಕೊಡುವುದಿಲ್ಲ. ಕಾರಣ ಹೇಳದೆ ದಾನ ತಿರುಗಿ ಕೇಳಿದರೆ ಪಾಪಕ್ಕೆ ಅಂಜಿ ಕೊಡುತ್ತಾರೆ. ಅದು ಹೊಳೆದಾಗ ನನಗೆ ಸಮಾಧಾನವಾಗಲಿಲ್ಲ. ಇಂದೂನ ಮುಖ ಕಣ್ಣ ಮುಂದೆ ಬಂತು. ಎದ್ದೆ.

ಮತ್ತೆ ಅಂಬಾಬಾಯಿಯ ಹೊಸ್ತಿಲಿಗೆ ಹೋಗಿ, ಒಳಗೆ ಕಾಲಿಡದೆ, ಬೀದಿಗೆ ಕೇಳುವ ಹಾಗೆ ಹೇಳಿದೆ: "ದ್ವಾದಶಿಗೆ ನಾ ಕೊಟ್ಟ ಗಿಳಿ ನನಗ ಬೇಕು. ತಿರುಗಿ ಕೊಡ್ರಿ."

ಅಂಬಾಬಾಯಿ, "ಏನಂದ್ರಿ?" ಎಂದಳು. ಮತ್ತೆ ಅದನ್ನೇ ಹೇಳಿದೆ. "ನಾನು ಕೊಟ್ಟದ್ದು ನನಗ ಬೇಕು. ಮನಸ್ಸು ಬದಲಾಗ್ಯದ."

ಅವಳ ಮುಖ ನೋಡಬೇಕಿತ್ತು ನೀನು. ಪಂಜರವನ್ನು ತಾನೇ ಕಿತ್ತು ತಂದು ನನ್ನ ಕಾಲ ಹತ್ತಿರ ಇಟ್ಟು ಹಿಂದೆ ಸರಿದಳು. "ಒಯ್ರಿ. ಕೊಟ್ಟ ದಾನಾ ತಿರುಗಿ ಬೇಡೋ ಹೆಂಗಸಿನ ನೆರಳು ನಮ್ಮ ಹುಡುಗ್ರ ಮ್ಯಾಲೆ ಬೀಳೂದು ಬ್ಯಾಡ" ಎಂದು, ನಾನು ನಿಂತಿದ್ದ ಹೊಸ್ತಿಲಿಗೆ ನೀರು ಹಾಕಿಸಿದಳು. ನಾನೇ, "ನೆಲಾನೂ ತೊಳಸ್ರಿ, ಪಂಜರ ಇದ್ದ ಜಾಗಾನೂ ತೊಳಸ್ರಿ" ಎಂದೆ. ಸಿಟ್ಟಿನಿಂದ ಎಲ್ಲ ತೊಳೆಸಿದಳು. ಫಿನೈಲೂ ಹಾಕಿಸಿರಬೇಕು, ಅಷ್ಟು ಸಿಟ್ಟು ಬಂದಿತ್ತು.

ನಾನು ಮಾಸ್ತರರ ಮನೆ ಮುಟ್ಟುವ ಮೊದಲೇ ಸುದ್ದಿ ಅಲ್ಲಿ ಮುಟ್ಟಿತ್ತು. ಪಂಜರ ಆಗಲೇ ಹೊರಗೆ ಕಟ್ಟೆಯ ಮೇಲಿತ್ತು. ಮಾಸ್ತರರು ಹೊರಗೆ ಬರಲಿಲ್ಲ. ಮಕ್ಕಳನ್ನು ಕಿಟಕಿಯಿಂದ ಒಳಗೆ ಎಳೆದುಕೊಳ್ಳುವುದು ಕಂಡಿತು. ಬೆಳಿಗ್ಗೆ ವಿದ್ಯೆಯ ಮಾತಿಗೆ ನಕ್ಕ ಮನೆ ಪಾಪದ ಮಾತಿಗೆ ಒಂದು ಗಳಿಗೆ ತಡಮಾಡಲಿಲ್ಲ.

ಭಟ್ಟರ ಮನೆಯಲ್ಲಿ ನಾನು ಏನೂ ಹೇಳಬೇಕಾಗಲಿಲ್ಲ. ಅವರ ಹೆಂಡತಿ ಕತ್ತಲು ಕೋಣೆಯಲ್ಲಿ ಕೂತಿದ್ದಳು, ತಲೆ ಬೋಳಿಸಿದ್ದರು. ಗಿಳಿ ಪಂಜರದಲ್ಲಿ ಸತ್ತು ಬಿದ್ದಿತ್ತು, ತೆಗೆಯುವವರಿರಲಿಲ್ಲ. ಆಕೆಯೂ ಕೆಮ್ಮುತ್ತಿದ್ದಳು. ನಿಮ್ಮ ಯಜಮಾನರು ನನ್ನ ಗಿಳಿಯಿಂದ ಹೋದರು ಎಂದು ಹೇಳಬೇಕೆಂದು ಹೋಗಿದ್ದೆ. ಬಾಯಿ ಬರಲಿಲ್ಲ. ನಾಲ್ಕು ತಿಂಗಳು ವ್ರತ ಹಿಡಿದಾಗಲೂ ನನಗೆ ಮೌನ ಇಷ್ಟು ಸುಲಭವಾಗಿ ಬಂದಿರಲಿಲ್ಲ. ದಿಗಂಬರನನ್ನು ನೋಡುವ ಡಾಕ್ಟರಿಗೆ ಎಲ್ಲ ಹೇಳಿ ಆಕೆಯ ಹತ್ತಿರ ಕಳಿಸಿದೆ.

ಆ ಡಾಕ್ಟರೇ ಸಂಜೆ ನಮ್ಮ ಹಿತ್ತಲಿಗೆ ಬಂದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಎರಡು ಪಂಜರಕ್ಕೂ ಕ್ಲೋರೋಫಾರ್ಮ್ ಕೊಟ್ಟರು. ಒದ್ದೆ ಬಟ್ಟೆಯೊಳಗಿನಿಂದ ಒಂದು ಗಿಳಿ ಇನ್ನೂ ಅನ್ನ ಬೇಕೇ ಎಂದು ಕೇಳುತ್ತಿತ್ತು. ಆಮೇಲೆ ಸುಮ್ಮನಾಯಿತು. ಭಟ್ಟರ ಮನೆಯ ಸತ್ತದ್ದನ್ನೂ ಸೇರಿಸಿ ಪಂಜರ ಸಮೇತ ಸುಟ್ಟರು.

ನೀನು ಕೇಳಿದ್ದು ಆಯಿತು. ಇಂದೂಗೆ ಇದನ್ನು ಹೇಳಬೇಡ. ಕೂಸು ನೆಟ್ಟಗಿದೆಯೇ ಇಲ್ಲವೇ, ನಿಜವನ್ನೇ ಬರೆ.

ಅಕ್ಕ

ಧಾರವಾಡ
೨೪ ಡಿಸೆಂಬರ್ ೧೯೩೨

ಅಕ್ಕಾ,

ಕೂಸು ನೆಟ್ಟಗಿದೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕಾಲಿಗೆ ಬಿದ್ದು ನಮಸ್ಕಾರ.

ಕೃಷ್ಣಾಜಿ

ಧಾರವಾಡ
೧೨ ಮಾರ್ಚ್ ೧೯೩೩

ಅಕ್ಕನಿಗೆ ನಮಸ್ಕಾರ.

ತಂತಿ ಸಿಕ್ಕಿರಬೇಕು. ನಿನ್ನೆ ಬೆಳಿಗ್ಗೆ ಇಂದೂಗೆ ಗಂಡು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ. ತೂಕ ಸ್ವಲ್ಪ ಕಡಿಮೆ, ಆದರೆ ಕಿರಿಚಾಟ ಕಡಿಮೆಯಿಲ್ಲ. ವಂಶ ಯಾವುದೆಂದು ಕೇಳಬೇಕಾಗಿಲ್ಲ.

ಈಗ ಒಂದು ವಿಷಯ ಹೇಳಬಹುದು. ಇಂದೂ ಇಲ್ಲಿಗೆ ಬಂದ ನಾಲ್ಕನೆಯ ದಿನವೇ ಜ್ವರ ಹಿಡಿದು ಮಲಗಿದಳು. ಅದೇ ಜ್ವರ. ಚೆನ್ನಾಗಿದ್ದಾಳೆ ಎಂದು ನಾನು ಬರೆದಾಗಲೆಲ್ಲ ಅವಳ ಹಾಸಿಗೆಯ ಪಕ್ಕದಲ್ಲೇ ಕೂತು ಬರೆದೆ. ನಿನಗೆ ತಿಳಿದಿದ್ದರೆ ನೀನು ಆ ಗಿಳಿಗಳನ್ನು ಎಂದಿಗೂ ತರುತ್ತಿರಲಿಲ್ಲ, ಹಾಗೆಂದು ಮುಚ್ಚಿಟ್ಟೆ. ನೀನು ಅವನ್ನು ತಂದ ಮೇಲೆ, ಅದೇ ವಾರ, ಅವಳ ಜ್ವರ ಬಿಟ್ಟಿತು. ಲೆಕ್ಕ ಹಾಕಿ ನೋಡು. ದೇವರು ಸಿಟ್ಟಾಗಿದ್ದರೆ ಹೀಗಾಗುತ್ತಿತ್ತೇ? ಭಟ್ಟರ ಹೆಂಡತಿ ಚೇತರಿಸಿಕೊಂಡರು, ಉಳಿದ ಎರಡು ಮನೆಗಳಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂದು ದಿಗಂಬರ ಬರೆದಿದ್ದಾನೆ. ನಿನ್ನನ್ನು ಪೇಠಿನವರು ಇನ್ನೂ ಪುರಾಣಕ್ಕೂ, ಕೀರ್ತನೆಗೂ ಕರೆಯುತ್ತಿಲ್ಲ ಎಂದೂ ಬರೆದಿದ್ದಾನೆ. ಅದನ್ನು ನೀನು ನನಗೆ ಹೇಳಿರಲಿಲ್ಲ.

ಇಂದೂಗೆ ಎಲ್ಲ ಗೊತ್ತಾಗಿದೆ. ಮಾಸ್ತರರ ಹೆಂಡತಿ ಅವಳಿಗೆ ಬರೆದಿದ್ದಳಂತೆ. ನಾನು ಹೆದರಿದ್ದೆ. ಆಕೆ ಅಂದದ್ದು ಇಷ್ಟೇ: "ಮಾಮಾ, ಅತ್ಯಾಗ ಬರ್ಲಿಕ್ಕೆ ಬರೀರಿ. ತೊಟ್ಟಿಲಾಗ ಹಾಕೂದಕ್ಕಿಂತ ಮೊದಲ ಕೂಸನ್ನ ಅವರ ತೊಡಿಮ್ಯಾಲ ಹಾಕ್ತೇನಿ."

ಹದಿಮೂರನೆಯ ದಿನ ತೊಟ್ಟಿಲು. ದಿಗಂಬರನ ಜೊತೆ ಬಾ. ಹಸುಗೂಸಿಗೆ ಮಡಿ ಮೈಲಿಗೆ ಇಲ್ಲ, ಆ ನೆವ ಹೇಳಬೇಡ.

ಕೃಷ್ಣಾಜಿ

ಪುಣೆ
೧೭ ಮಾರ್ಚ್ ೧೯೩೩

ಚಿರಂಜೀವಿ ಕೃಷ್ಣಾಜಿಗೆ ಆಶೀರ್ವಾದ.

ತಂತಿ ಬಂದಾಗ ನಾನು ರಂಗೋಲಿ ಹಾಕುತ್ತಿದ್ದೆ. ದಿಗಂಬರ ಓದಿ ಹೇಳಿದ ಮೇಲೆ ರಂಗೋಲಿ ಎಲ್ಲಿ ಹೋಯಿತೋ, ಬಟ್ಟಲು ಎಲ್ಲಿ ಹೋಯಿತೋ. ಪೇಡೆ ಹಂಚಿದೆವು. ಇಸಿದುಕೊಂಡವರು ಇಸಿದುಕೊಂಡರು, ಇಲ್ಲದವರು ಇಲ್ಲ.

ಇಂದೂಗೆ ಜ್ವರ ಬಂದದ್ದನ್ನು ಮುಚ್ಚಿಟ್ಟದ್ದಕ್ಕೆ ನಿನ್ನನ್ನು ಬೈಯಬೇಕೆಂದು ಕೂತೆ. ಬೈಗಳು ಬರಲಿಲ್ಲ. ನೀನು ಒಳ್ಳೆಯ ಡಾಕ್ಟರ.

ದಿಗಂಬರ ಬರುತ್ತಾನೆ. ತೊಟ್ಟಿಲಿಗೆ ನಾನು ಬರುವುದಿಲ್ಲ. ಕಾಲುನೋವು ಎಂದು ನಿನ್ನ ಮನೆಯವರಿಗೂ, ಬೀಗರಿಗೂ ಹೇಳು. ನಿನಗೆ ನಿಜ ಹೇಳುತ್ತೇನೆ. ಲೆಕ್ಕ ಹಾಕಿ ನೋಡು ಎಂದು ಬರೆದಿದ್ದೀ. ಹಾಕಿದೆ. ಗಿಳಿ ತಂದ ವಾರವೇ ಜ್ವರ ಬಿಟ್ಟಿದ್ದು ನಿನ್ನ ಲೆಕ್ಕ. ಭಟ್ಟರು ಹೋದರು, ಅವರ ಹೆಂಡತಿ ನನ್ನ ಹಾಗೆ ತಲೆ ಬೋಳಿಸಿಕೊಂಡು ಮೂಲೆಗೆ ಕೂತಳು, ಇದು ನನ್ನ ಲೆಕ್ಕ. ಕೂಡಿಸಿದರೆ ನನ್ನ ಮೇಲೆ ಇನ್ನೂ ಬಾಕಿ ಇದೆ. ಪಾಂಡುರಂಗ ಕೂಸಿನಿಂದ ಅದನ್ನು ವಸೂಲು ಮಾಡಲಿಲ್ಲ, ಅವನು ದೊಡ್ಡವನು. ಆದರೆ ಪಾಪ ಎಲ್ಲಿಗೂ ಹೋಗಿಲ್ಲ, ನನ್ನ ಮೈಮೇಲೆಯೇ ಇದೆ. ನಾನು ತಿಳಿದೇ ಹತ್ತಿಸಿಕೊಂಡದ್ದು. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇವತ್ತು ಬೆಳಿಗ್ಗೆ ಅಂಬಾಬಾಯಿಯ ಆ ಸಣ್ಣ ಮೊಮ್ಮಗ ನನ್ನನ್ನು ಕಂಡು ನಾಲಿಗೆ ಹೊರಚಾಚಿ ಓಡಿದ. ಗಟ್ಟಿಯಾಗಿದ್ದಾನೆ. ಮತ್ತೆ ಹೇಳಿದರೂ ಅದನ್ನೇ ಮಾಡುತ್ತೇನೆ.

ಹತ್ತಿದವರು ಹತ್ತದವರಿಂದ ದೂರ ಇರಬೇಕು, ಎಷ್ಟೇ ಪ್ರೀತಿ ಇದ್ದರೂ. ನೀನೇ ಬರೆದದ್ದು. ಹೊರಗೆ ಚೆನ್ನಾಗಿ ಕಾಣುವುದೂ ವಿಷ ಚೆಲ್ಲುತ್ತಿರಬಹುದು ಎಂದದ್ದೂ ನೀನೇ. ಕಾಣದ ವಿಷವನ್ನು ನಂಬು ಎಂದೆ, ನಂಬಿದೆ. ನನ್ನ ಮೇಲಿರುವ ಈ ಕಾಣದ್ದನ್ನು ನೀನು ನಂಬಬೇಕೆಂದು ನಾನು ಕೇಳುವುದಿಲ್ಲ. ಆದರೆ ಆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಲು ನಾನು ಬಿಡುವುದಿಲ್ಲ. ಈಗ ಬೇಡ. ಇಂದೂ ಪುಣೆಗೆ ತಿರುಗಿ ಬಂದ ಮೇಲೂ ನಾನು ಅಡಿಗೆಮನೆಯಲ್ಲಿ ಇರುತ್ತೇನೆ, ಕೂಸು ಪಡಸಾಲೆಯಲ್ಲಿ ಇರಲಿ. ಮಡಿ ಎಂದು ಹೇಳಿದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ.

ಇಂದೂಗೆ ಹೇಗೆ ಹೇಳುತ್ತೀಯೋ ಹೇಳು. ಅತ್ತೆ ಜಿಗುಟು ಹೆಂಗಸು ಎಂದು ಹೇಳು, ನಂಬುತ್ತಾಳೆ.

ನೀನು ಮಾತ್ರ ನನಗೊಂದು ಉಪಕಾರ ಮಾಡು. ತೂಕ, ಜ್ವರ, ನಾಡಿ ಇವನ್ನಲ್ಲ. ಕೂದಲು ಎಷ್ಟಿದೆ, ಕಿವಿ ಯಾರ ಹಾಗಿದೆ, ಹಾಲು ಕುಡಿಯುವಾಗ ಮುಷ್ಟಿ ಬಿಗಿಯುತ್ತಾನೋ ಬಿಡುತ್ತಾನೋ, ಅಳುವಾಗ ಯಾವ ಕಣ್ಣು ಮೊದಲು ಮುಚ್ಚುತ್ತಾನೆ, ಎಲ್ಲ ಬಿಡಿಸಿ ಬರೆ. ಉದ್ದ ಬರೆ. ಕಾಗದದಲ್ಲಿ ಓದಿದರೆ ಮುಟ್ಟಿದ ಹಾಗಲ್ಲವಲ್ಲ.

ಅಕ್ಕ